ಟೀಚರ್ ಆರಿಸಿದ ತಂತ್ರಾಂಶ

ಬೇರೆಯವರನ್ನು ಯಾರಾದರೂ ಹೊಗಳಿದ್ದು ಕಿವಿಗೆ ಬಿದ್ದರೆ ಸಾಕು, ಅವರು ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದರು. ಹೊಗಳಿಕೆ ಸಣ್ಣದಾದರೆ ಕೋಟಿನ ಅಂಚಿನಿಂದ ಒಂದೆರಡು ಉಜ್ಜು. ದೊಡ್ಡದಾದರೆ ಗಾಜಿಗೆ ಉಸಿರು ಊದಿ, ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಾಗದೆ ಮತ್ತೆ ಒರೆಸಿ, ಹೊಗಳುವವರ ಮಾತು ತಾನಾಗಿ ಬತ್ತುವವರೆಗೂ ಆ ಕೈಂಕರ್ಯ ಸಾಗುತ್ತಿತ್ತು. ನಮ್ಮ ಕಂಪನಿಯ ತರಬೇತಿ ವಿಭಾಗದ ಮುಖ್ಯಸ್ಥೆ ಅವರು. ಎಲ್ಲರ ಬಾಯಲ್ಲೂ ‘ಟೀಚರ್’. ಮೊಣಕಾಲು ಮುಟ್ಟುವ ಬೂದುಬಣ್ಣದ ಕೋಟು, ಅದರ ಜೇಬಿನಲ್ಲಿ ಬಣ್ಣಬಣ್ಣದ ಮಾರ್ಕರುಗಳು, ಯಾರನ್ನೋ ತಡೆದು ತಿದ್ದಲು ಹೊರಟವರಂತೆ ಮುಂದಕ್ಕೆ ಬಾಗಿದ ನಡಿಗೆ. ‘ಅದಿರಲಿ’ ಎಂಬುದು ಅವರ ನಾಲಿಗೆಗೆ ಅಂಟಿಕೊಂಡಿದ್ದ ಮಾತು. ಇನ್ನೊಬ್ಬರು ನಿಜವಾಗಿಯೂ ಒಳ್ಳೆಯದೊಂದನ್ನು ಹೇಳಿದಾಗ ಮಾತ್ರ ಅದು ಹೊರಬರುತ್ತಿತ್ತು.

ಮೂರನೇ ಮಹಡಿಯ ಸಭಾಂಗಣ ಅವರ ಸಾಮ್ರಾಜ್ಯ. ಹೊಸದಾಗಿ ಮ್ಯಾನೇಜರ್ ಆದವರು ಅಲ್ಲಿ ಅವರೆದುರು ನಿಲ್ಲಬೇಕಿತ್ತು. ಟೀಚರ್ ಬಡ್ತಿ ಸಿಗದೆ ಮುನಿದ ನೌಕರನ ಪಾತ್ರ ವಹಿಸಿ ಕೈಕಟ್ಟಿ ಕೂರುತ್ತಿದ್ದರು. ಎದುರಿನವನು ಎರಡು ವಾಕ್ಯ ಮುಗಿಸುವಷ್ಟರಲ್ಲಿ, “ನಿಲ್ಲಿಸಿ. ಈ ಮಾತು ಕೇಳಿದೋನು ನಾಳೆಯಿಂದ ಕೆಲಸ ಮಾಡ್ತಾನಾ?” ಎಂದು ಕತ್ತರಿಸುತ್ತಿದ್ದರು. ಬೈಸಿಕೊಂಡವರು ಮುಂದೆ ಎಷ್ಟು ಮೇಲೇರಿದರೂ ಆ ಬೈಗುಳವನ್ನು ಅಭಿಮಾನದಿಂದ ನೆನೆಯುತ್ತಿದ್ದರು.

ಅಂಥವರ ಕೈಗೇ ಆ ಕೆಲಸ ಬಂತು. ಮ್ಯಾನೇಜರುಗಳು ಇನ್ನು ಸಭಾಂಗಣಕ್ಕೆ ಬರುವುದು ಬೇಡ, ತಮ್ಮ ತಮ್ಮ ಮೇಜಿನಲ್ಲೇ ಕಂಪ್ಯೂಟರಿನಲ್ಲಿ ಕಲಿಯಲಿ, ಅದಕ್ಕೆ ತಕ್ಕ ತಂತ್ರಾಂಶವನ್ನು ಟೀಚರೇ ಆರಿಸಲಿ ಎಂದರು ನಿರ್ದೇಶಕರು. ತನ್ನ ಸವತಿಯನ್ನು ತಾನೇ ಹುಡುಕಿ ಮನೆತುಂಬಿಸಿಕೊಳ್ಳಬೇಕಾದ ಪಾಡು. ಲೆಕ್ಕಪತ್ರ ವಿಭಾಗದಿಂದ ನನ್ನನ್ನು ಜೊತೆಗೆ ಹಾಕಿದ್ದರು.

ಮೊದಲ ಕಂಪನಿಯ ತಂತ್ರಾಂಶದಲ್ಲಿ ಟೈ ಕಟ್ಟಿದ ಕರಡಿಯೊಂದು ನಾಯಕತ್ವ ಬೋಧಿಸುತ್ತಿತ್ತು. ಟೀಚರ್ ಸೌಜನ್ಯದಿಂದ ಚಹಾ ಕುಡಿಸಿ ಕಳಿಸಿದರು. ಎರಡನೆಯದು ಅಂದಚೆಂದವಾಗಿತ್ತು. ಪಾಠವೊಂದನ್ನು ಚಾಲೂ ಮಾಡಿ, “ಬನ್ನಿ, ಕ್ಯಾಂಟೀನಿಗೆ ಹೋಗಿಬರೋಣ” ಎಂದು ನನ್ನನ್ನೂ ಮಾರಲು ಬಂದವನನ್ನೂ ಎಬ್ಬಿಸಿದರು. ತಿಂಡಿ ಮುಗಿಸಿ ಬರುವಷ್ಟರಲ್ಲಿ ಖಾಲಿ ಕುರ್ಚಿಗೆ ಅಭಿನಂದನೆ ಹೇಳಿ ಪ್ರಮಾಣಪತ್ರ ಕೊಟ್ಟಿತ್ತು ಆ ಯಂತ್ರ. “ನಮ್ಮ ಕುರ್ಚಿ ಪಾಸಾಯ್ತು,” ಎಂದರು ಅವನಿಗೆ. ಅಂದು ಅವರ ಮುಖದಲ್ಲಿದ್ದ ಕಾಂತಿಯನ್ನು ನಾನು ಮತ್ತೆ ಕಾಣಲಿಲ್ಲ.

ಏಕೆಂದರೆ ಮೂರನೆಯದನ್ನು ತಂದವನು ಅವರ ಶಿಷ್ಯ. ಇದೇ ಸಭಾಂಗಣದಲ್ಲಿ ಅವರಿಗೆ ಸಹಾಯಕನಾಗಿದ್ದು, ಅವರ ಬೈಗುಳದಲ್ಲೇ ಪಳಗಿ, ಹೊರಗೆ ಹೋಗಿ ಸ್ವಂತ ಕಂಪನಿ ಕಟ್ಟಿದವನು. ಅವನ ತಂತ್ರಾಂಶದಲ್ಲೂ ಮುನಿದ ನೌಕರನಿದ್ದ. ಆದರೆ ಮ್ಯಾನೇಜರ್ ತಪ್ಪು ಮಾತಾಡಿದರೆ ಯಾರೂ ತಡೆಯುತ್ತಿರಲಿಲ್ಲ. ನೌಕರ “ಸರಿ ಸರ್” ಎಂದು ಎದ್ದುಹೋಗುತ್ತಿದ್ದ. ಪಾಠ ಮುಂದುವರಿದು ವಾರಗಳು ಸರಿದಂತೆ ಅವನು ಸಭೆಗಳಲ್ಲಿ ಮೌನಿಯಾಗುತ್ತಿದ್ದ, ಗ್ರಾಹಕರು ದೂರತೊಡಗುತ್ತಿದ್ದರು, ಕೊನೆಗೆ ರಾಜೀನಾಮೆ. ಆಗ ಪರದೆಯ ಮೇಲೆ ಒಂದೇ ಪ್ರಶ್ನೆ: ಇದು ಎಲ್ಲಿ ಶುರುವಾಯಿತು?

ಟೀಚರ್ ಕನ್ನಡಕಕ್ಕೆ ಕೈಹಾಕಲೇ ಇಲ್ಲ. ಪರದೆಯನ್ನೇ ನೋಡುತ್ತಿದ್ದರು.

ಮಾರನೆಯ ದಿನದಿಂದ ಅವರು ಕೋಣೆಯ ಬಾಗಿಲು ಹಾಕಿಕೊಂಡು ಆ ಪಾಠಗಳನ್ನೆಲ್ಲ ಒಂದೊಂದಾಗಿ ಜಾಲಾಡಿದರು. ಕಂಪನಿ ನೌಕರರ ಕುಟುಂಬಗಳಿಗೆ ಊಟ ಹಾಕಿಸಿದ ದಿನ ಎದುರಾದ ಟೀಚರ್ ಪತಿ, ದಂತವೈದ್ಯರು, ನನ್ನನ್ನು ಪಕ್ಕಕ್ಕೆ ಕರೆದು ನಕ್ಕರು: “ಮನೇಲಿ ಆ ಹುಡುಗನ ಹೆಸರು ಎತ್ತೋ ಹಾಗಿಲ್ಲ. ಆದ್ರೆ ಊಟಕ್ಕೆ ಕೂತ್ರೆ ಅವನದೇ ಮಾತು.”

ಶಿಷ್ಯ ತಮ್ಮ ಪಾಠವನ್ನು ಎಲ್ಲೆಲ್ಲಿ ಕದ್ದಿದ್ದಾನೆ ಎಂದು ಟೀಚರ್ ಹುಡುಕುತ್ತಿದ್ದಾರೆ, ಸಿಕ್ಕರೆ ಅವನ ಕತೆ ಮುಗಿಯಿತು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವರೇ ಬಂದು ನನ್ನ ಮೇಜಿನೆದುರು ಕೂತರು.

“ಏನೂ ಸಿಗ್ಲಿಲ್ಲ,” ಎಂದರು.

“ಮುನಿಸಿಕೊಂಡ ನೌಕರ ನಿಮ್ಮದೇ ಅಲ್ವಾ, ಟೀಚರ್?”

“ಅಂಥೋನು ಎಲ್ಲಾ ಆಫೀಸಲ್ಲೂ ಇರ್ತಾನೆ. ನಾನು ಮಧ್ಯ ಬಾಯಿ ಹಾಕ್ತಿದ್ದೆ. ಇವನು ಸುಮ್ನಿದ್ದು ನೋಡೋಕೆ ಬಿಟ್ಟಿದಾನೆ. ಅದು ನಂಗೆ ಹೊಳೀಲೇ ಇಲ್ಲ.” ತಗ್ಗಿದ ದನಿಯಲ್ಲಿ ಸೇರಿಸಿದರು: “ಕದ್ದಿದ್ರೆ ಚೆನ್ನಾಗಿತ್ತು. ಕ್ಷಮಿಸಿಬಿಡಬಹುದಿತ್ತು.”

ನಿರ್ದೇಶಕರ ಮುಂದೆ ಅವರು ಶಿಷ್ಯನ ತಂತ್ರಾಂಶದ ದೋಷಗಳನ್ನು ವಿವರಿಸುತ್ತಲೇ ಹೋದರು: ಅಕ್ಷರ ಚಿಕ್ಕದು, ನೌಕರನ ದನಿ ಒಣಕಲು, ಮಹಿಳಾ ಮ್ಯಾನೇಜರಿಗೂ ಅವನು ‘ಸರ್’ ಎನ್ನುತ್ತಾನೆ, ನಾಲ್ಕನೇ ಪಾಠ ಎಳೆದಂತಿದೆ. ಪ್ರತಿಯೊಂದೂ ಸರಿಯಾದ ಆಕ್ಷೇಪಣೆಯೇ. ನಿರ್ದೇಶಕರು ಬೇಸತ್ತು, “ಹಾಗಾದ್ರೆ ಇದು ಬೇಡ,” ಎಂದರು.

“ಇದನ್ನೇ ತಗೊಳ್ಳಿ,” ಎಂದರು ಟೀಚರ್. “ಉಳಿದಿದ್ರಲ್ಲಿ ಇಷ್ಟು ಹೊತ್ತು ತಪ್ಪು ಹುಡುಕೋಕೂ ಏನೂ ಇರ್ಲಿಲ್ಲ.”

ಲಿಫ್ಟಿನ ಬಳಿ ಕಾದಿದ್ದ ಶಿಷ್ಯ ಎದುರಾಗಿ, “ಹೇಗನ್ನಿಸ್ತು ಮೇಡಂ?” ಎಂದು ಕೇಳಿದ. ಅವರು ನೆಟ್ಟಗೆ ಮುಂದೆ ನೋಡುತ್ತ, “ನಾಲ್ಕನೇ ಪಾಠ ಸರಿಮಾಡು,” ಎಂದು ಹೇಳಿ ಮೆಟ್ಟಿಲಿನತ್ತ ನಡೆದುಬಿಟ್ಟರು. ಅವನ ಮುಖ ಅರಳಿದ್ದನ್ನು ಅವರು ನೋಡಲಿಲ್ಲ. ನೋಡಿದ್ದರೆ ನಾಲ್ಕನೆಯದರ ಜೊತೆಗೆ ಐದನೆಯದನ್ನೂ ಸೇರಿಸುತ್ತಿದ್ದರು.

ಸಭಾಂಗಣದ ಅರ್ಧಕ್ಕೆ ಈಗ ಗೋಡೆ ಎದ್ದು ಹಳೆಯ ಪೀಠೋಪಕರಣಗಳು ಸೇರಿಕೊಂಡಿವೆ. ಉಳಿದರ್ಧದಲ್ಲಿ ಟೀಚರ್ ಕೂತು, ಪಾಠದಲ್ಲಿ ಎಡವಿದ ಮ್ಯಾನೇಜರುಗಳಿಗೆ ಫೋನು ಮಾಡುತ್ತಾರೆ. ಆ ತಂತ್ರಾಂಶವನ್ನು ಅವರ ಮುಂದೆ ಯಾರೂ ಹೊಗಳುವುದಿಲ್ಲ. ಅದನ್ನು ಅವರಷ್ಟು ಬಲ್ಲವರೂ ನಮ್ಮಲ್ಲಿ ಇನ್ನೊಬ್ಬರಿಲ್ಲ.

ಹೊಟ್ಟೆಕಿಚ್ಚಿನವರಲ್ಲಿ ಎರಡು ಬಗೆಯಿದೆ. ಇನ್ನೊಬ್ಬರ ಸುಖ ಕಂಡು ಕುದಿಯುವವರು ಎಲ್ಲೆಲ್ಲೂ ಸಿಗುತ್ತಾರೆ. ಇನ್ನೊಬ್ಬರ ಕೆಲಸ ಕಂಡು ಕುದಿಯುವವರು ವಿರಳ. ನಾವು ಧಾರಾಳವಾಗಿ ‘ಚೆನ್ನಾಗಿದೆ’ ಎಂದು ದಾಟಿಹೋಗುವಲ್ಲಿ ಅವರು ನಿಂತು, ನೊಂದು, ಕೊನೆಯ ಎಳೆಯವರೆಗೂ ನೋಡುತ್ತಾರೆ. ಅವರಿಂದ ಮೆಚ್ಚುಗೆಯ ಮಾತು ಎಂದೂ ಬಾರದು. ಆದರೂ ಇಷ್ಟು ವರ್ಷ ಎಲ್ಲರಿಂದ ಭೇಷ್ ಎನ್ನಿಸಿಕೊಂಡೇ ಬಂದ ನನಗೆ ಆ ಶಿಷ್ಯನ ಮೇಲೆ ಒಂದಿಷ್ಟು ಕಿಚ್ಚಿದೆ: ನನ್ನ ಕೆಲಸವನ್ನು ಹಾಗೆ ಬಾಗಿಲು ಹಾಕಿಕೊಂಡು ನೋಡಿದವರು ಯಾರೂ ಇಲ್ಲ.