ಇಳೀ ಅಂದವಳು ನಾನಲ್ಲ

"ನಿನ್ನ ದನಿ ಅಲ್ದೆ ನಿಮ್ಮಪ್ಪಂದೇನೇ ಅದು, ಲೌಡಿ?"

ಯಜಮಾನ ಹೀಗೆ ಕೇಳಿದ್ದು ಚಪ್ಪಡಿ ಮಾರುವ ಅವನ ಕಲ್ಲಿನ ಅಂಗಳದ ನಟ್ಟನಡುವೆ, ಎಲ್ಲರ ಎದುರಿಗೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾರ್ಮಿಕ ಇಲಾಖೆಯ ಸಾಹೇಬ ಕೂತಿದ್ದ. ಅವನಿಗೆ ಚಹಾ ಬಂದಿತ್ತು, ಉದ್ದ ವೈರು ಎಳೆದು ಫ್ಯಾನನ್ನೂ ತಂದಿಟ್ಟಿದ್ದರು. ನಾವು ಬಿಸಿಲಲ್ಲಿ ನಿಂತಿದ್ದೆವು. ನನ್ನ ತಮ್ಮನ ರಕ್ತ ಇನ್ನೂ ನೆಲದಲ್ಲಿತ್ತು. ಅದರ ಮೇಲೆ ಯಾರೋ ಕಲ್ಲುಪುಡಿ ಎರಚಿದ್ದರು.

"ದನಿ ನಂದೇ. ಕೂಗಿದ್ದು ನಾನಲ್ಲ," ಅಂದೆ.

ಸಾಹೇಬ ನಕ್ಕ. "ಏನಮ್ಮ, ನಿನ್ನ ದನಿ ನಿನ್ನನ್ನ ಮನೇಲಿ ಬಿಟ್ಟು ತಾನೊಂದೇ ಓಡಾಡ್ಕೊಂಡು ಬರುತ್ತಾ?"

"ಮೇಲಿನ ಕೋಣೇಲಿ ಕೂಡಿ ಹಾಕ್ಕೊಂಡಿದಾರೆ ಸ್ವಾಮಿ. ಮೆಟ್ಟಿಲು ಹತ್ತಿ ನೋಡಿ."

ಅವನು ಮೆಟ್ಟಿಲ ಕಡೆ ನೋಡಿದ, ಚಹಾ ಕುಡಿದ. ಹತ್ತಲಿಲ್ಲ.

ನಮ್ಮದು ಚಪ್ಪಡಿ ಹೊರುವ ಕೆಲಸ. ಲಾರಿ ಗಲ್ಲಿಯ ಬಾಯಿಯಲ್ಲೇ ನಿಲ್ಲುತ್ತದೆ, ಕ್ರೇನು ಒಳಗೆ ತಿರುಗುವುದಿಲ್ಲ. ಚಪ್ಪಡಿಗೆ ಹಗ್ಗ ಬಿಗಿದು, ಗಳ ತೂರಿಸಿ, ಎಂಟು ಜನ ಹೆಗಲು ಕೊಡುತ್ತಾರೆ. ಹೊತ್ತವರಿಗೆ ತಮ್ಮ ಕಾಲೂ ಕಾಣುವುದಿಲ್ಲ, ಪಕ್ಕದವನ ಕಾಲೂ ಕಾಣುವುದಿಲ್ಲ. ಹಾಗಾಗಿ ಒಬ್ಬರು ಹೊರಗೆ ನಡೆಯುತ್ತ, ಎಲ್ಲರ ಕಾಲು ನೋಡುತ್ತ ಕೂಗಬೇಕು. ಮೊದಲು ನಮ್ಮಪ್ಪ ಕೂಗುತ್ತಿದ್ದ. ಅವನ ಗಂಟಲು ಕಲ್ಲುಪುಡಿ ಕುಡಿದು ಕುಡಿದು ಕೆಟ್ಟಮೇಲೆ ನನಗೆ ಬಂತು. ಹೆಂಗಸು ಕೂಗುವುದೇ ಎಂದವರು ಒಂದು ಲಾರಿ ಖಾಲಿಯಾಗುವಷ್ಟರಲ್ಲಿ ಬಾಯಿ ಮುಚ್ಚಿದರು, ಆಮೇಲೆ ನನ್ನನ್ನು ಕೂಗಕ್ಕ ಎಂದೇ ಕರೆದರು.

ಉದ್ದಕ್ಕೆ 'ಏ...' ಎಂದರೆ ಸಜ್ಜಾಗುವುದು. 'ಹೂ' ಎಂದರೆ ಎತ್ತುವುದು. 'ಇಳೀ' ಎಂದರೆ ಇಳಿಸುವುದು. ಇಳೀ ಎಂದಾಗ ಯಾರೂ ಯೋಚಿಸಬಾರದು. ಒಬ್ಬ ಯೋಚಿಸಿ ತಡಮಾಡಿದರೆ ಪಕ್ಕದವನ ಬೆನ್ನುಮೂಳೆ ಹೋಗುತ್ತದೆ. ನನ್ನ ದನಿ ಕಿವಿಗೆ ಬಿದ್ದರೆ ಮಂಡಿ ಬಗ್ಗಬೇಕು, ತಲೆಯನ್ನು ಕೇಳಬಾರದು. ನಮ್ಮವರೆಲ್ಲ ಹಾಗೆಯೇ ಪಳಗಿದ್ದರು.

ಅಂಗಳದ ಆಫೀಸಿನ ಮೇಲಿನ ಕೋಣೆ ಯಜಮಾನನ ಮಗನದು. ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡೇ ಇರುತ್ತಿದ್ದ, ನಾವು ಕಿವಿಮುಚ್ಚ ಎಂದು ಕರೆಯುತ್ತಿದ್ದೆವು. ಹಿಪ್‌ಹಾಪ್ ಬೀಟ್ ಮಾಡುತ್ತಾನಂತೆ. ಅದು ಬಡವರ ಸಿಟ್ಟಿನ ಹಾಡು ಎಂದು ಒಂದು ದಿನ ನನಗೇ ಪಾಠ ಹೇಳಿದ್ದ, ಏಸಿ ಕೋಣೆಯ ಬಾಗಿಲು ಹಿಡಿದು ನಿಂತು. ಆಮೇಲೆ ಕಿಟಕಿಯ ಹೊರಗೆ ಒಂದು ಮೈಕು ನೇತುಬಿತ್ತು. ಬೇಸಿಗೆ ಪೂರ್ತಿ ನೇತಾಡಿತು. ನಾವು ಅದರ ಕೆಳಗೇ ಕಲ್ಲು ಹೊತ್ತೆವು.

ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದೆವು. ಮೇಲಿಂದ ಡಬ್ ಡಬ್ ಎಂದು ಶುರುವಾಯಿತು. ಅದರ ಹಿಂದೆಯೇ ನನ್ನ ದನಿ.

"ಅಲ್ಲಲೇ, ಕೂಗಕ್ಕ ಇಲ್ಲೇ ತುತ್ತು ನುಂಗ್ತಾ ಇದಾಳೆ, ಮೇಲೆ ಹಾಡ್ತಾನೂ ಇದಾಳೆ! ಎರಡು ಬಾಯಿ ಯಾವಾಗ ಬಂತೇ ನಿಂಗೆ?" ಅಂದ ತಾತ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಅವನು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಏ... ಹೂ! ಏ... ಇಳೀ! ಅದು ನಾನು ಕೂಗಿದ್ದೇ. ಆಮೇಲೆ ಬಂದದ್ದು ನಾನು ಹುಟ್ಟಿದಾಗಿನಿಂದ ಆಡಿದ ಮಾತಲ್ಲ.

ಕಾಲ ಕೆಳಗೆ ಕೂಲಿ ನಾಯಿ
ಕಲ್ಲು ಹೊರು, ಮುಚ್ಚು ಬಾಯಿ
ಎತ್ತು ಅಂದ್ರೆ ಎತ್ತಬೇಕು
ನಾನು ನಿನ್ನ ಧಣಿಯ ತಾಯಿ

ನನ್ನ ಗಂಟಲು, ನನ್ನ ಉಸಿರು. 'ಹೊರು' ಎನ್ನುವಾಗ ನಾನು ಎಳೆಯುವ ಎಳೆತವೂ ಹಾಗೇ ಇತ್ತು. ತಾತ ತುತ್ತನ್ನು ಡಬ್ಬಿಗೆ ವಾಪಸು ಹಾಕಿದ.

"ಮನೇಲಿ ನಾಯಿ ಅಂತೀಯ, ಹೋಗ್ಲಿ ಅಕ್ಕ," ಅಂದ ನನ್ನ ತಮ್ಮ. "ಮೈಕಲ್ಲೂ ಅನ್ಬೇಕಾ?" ತಮಾಷೆಗೇ ಅಂದ. ಯಾರೂ ನಗಲಿಲ್ಲ.

ಕೈ ತೊಳೆಯದೆ ಮೇಲೆ ಹತ್ತಿದೆ. ಯಜಮಾನನೂ ಅಲ್ಲೇ ಸೋಫಾದಲ್ಲಿ ಕಾಲು ಚಾಚಿದ್ದ.

"ನಾನು ಇದನ್ನ ಯಾವಾಗಯ್ಯ ಹಾಡ್ದೆ?"

ಕಿವಿಮುಚ್ಚ ಒಂದು ಕಿವಿ ತೆರೆದ. "ನೀನು ಹಾಡಿಲ್ಲ ಅಕ್ಕ. ಎಐ ಅದು. ನಿನ್ನ ಕೂಗು ಅದಕ್ಕೆ ತಿನ್ನಿಸ್ದೆ, ಈಗ ಏನು ಬರೆದುಕೊಟ್ರೂ ನಿನ್ನ ಥರಾನೇ ಹಾಡುತ್ತೆ. ಸುಸ್ತಾಗಲ್ಲ, ಕೆಮ್ಮಲ್ಲ. ಸೂಪರ್ ಅಲ್ವಾ?"

"ನನ್ನ ಗಂಟಲು ತಿಂದು ನನ್ನ ತಮ್ಮನ್ನೇ ನಾಯಿ ಅನ್ನುತ್ತೆ. ಅದನ್ನ ಸೂಪರ್ ಅಂತೀಯಲ್ಲ, ನಾಚಿಕೆ ಇಲ್ವಾ?"

"ಬಿಡೇ," ಎಂದ ಯಜಮಾನ. "ನನ್ನ ಅಂಗಳದಲ್ಲಿ ಬಿದ್ದ ಕಲ್ಲುಪುಡಿ ಯಾರದು? ನಂದು. ಹಂಗೇ ಇಲ್ಲಿ ಕೂಗಿದ್ದೂ ನಂದು. ಅಷ್ಟಕ್ಕೂ ಅದು ಮಷೀನ್ ದನಿ. ನಿಂಗೂ ಅದಕ್ಕೂ ಸಂಬಂಧ ಇಲ್ಲ. ಇಳಿ ಕೆಳಗೆ, ಮೆಟ್ಟಿಲೆಲ್ಲ ಧೂಳು ಮಾಡ್ಬೇಡ."

ಸಿಟ್ಟು ನುಂಗಿದೆ. ಒಂದೇ ಒಂದು ಕೇಳಿದೆ: "ಬೈಗುಳ ಇಟ್ಕೊಳ್ಳಿ. ಹೂ, ಇಳೀ ಎರಡನ್ನೂ ತೆಗೀರಿ. ಹೊತ್ತಾಗ ನಮ್ಮೋರ ಕಿವಿಗೆ ಬಿದ್ರೆ ಜೀವ ಹೋಗುತ್ತೆ."

"ಅಯ್ಯೋ, ಜನ ಕುಣಿಯೋದೇ ಆ ಎರಡಕ್ಕೆ ಅಕ್ಕ!" ಎಂದು ಕಿವಿಮುಚ್ಚ ಮತ್ತೆ ಕಿವಿ ಮುಚ್ಚಿಕೊಂಡ.

ಹೊಸ ಸ್ಪೀಕರು ಬಂದ ದಿನ ಅದಾಯಿತು. ಆಳೆತ್ತರದ ಸ್ಪೀಕರುಗಳು. ಸದ್ದು ಎಲ್ಲಿಯವರೆಗೆ ಹೋಗುತ್ತದೆ ನೋಡೋಣ ಎಂದು ಕಿವಿಮುಚ್ಚ ಕಿಟಕಿ ತೆರೆದಿಟ್ಟ. ನಾವು ಚಪ್ಪಡಿ ಹೊತ್ತು ಸರಿಯಾಗಿ ಅದರ ಕೆಳಗೆ ಚರಂಡಿ ದಾಟುತ್ತಿದ್ದೆವು. ತಮ್ಮ ಹಿಂದಿನ ಗಳದಲ್ಲಿದ್ದ. ಅವನ ಒಂದು ಕಾಲು ಚರಂಡಿಯ ಈಚೆ, ಇನ್ನೊಂದು ಕಲ್ಲಿನ ಕೆಳಗೆ. ನಾನು ಅದೇ ಕಾಲನ್ನು ನೋಡುತ್ತಿದ್ದೆ. ನನ್ನ ಬಾಯಿ ಮುಚ್ಚಿತ್ತು.

"ಇಳೀ!"

ಎಲ್ಲರ ಮಂಡಿ ಒಟ್ಟಿಗೆ ಬಗ್ಗಿತು. ನಮ್ಮವರು ತಪ್ಪು ಮಾಡಲಿಲ್ಲ, ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದರು. ತಮ್ಮನ ಮಂಡಿಯೂ ಬಗ್ಗಿತು.

ಕಲ್ಲು ಎತ್ತಿ ಹೊರಗೆಳೆದಾಗ ಅವನ ಪಾದ ಪಾದದ ಹಾಗಿರಲಿಲ್ಲ. ಅವನು ಕಿರುಚಲಿಲ್ಲ. ನನ್ನ ಮುಖ ನೋಡಿ ಕೇಳಿದ, "ಯಾಕಕ್ಕ ಇಳ್ಸು ಅಂದೆ?"

ಈಗ ಸಾಹೇಬ ಒಬ್ಬೊಬ್ಬರನ್ನೇ ಕೇಳುತ್ತಿದ್ದ. "ಯಾರ ದನಿ ಕೇಳ್ತು?"

ತಾತ ತಲೆ ತಗ್ಗಿಸಿದ. "ಕೂಗಕ್ಕಂದೇ ಸ್ವಾಮಿ. ಆದ್ರೆ..."

"ಆದ್ರೆ ಗೀದ್ರೆ ಬೇಡ. ಕೇಳಿದ್ದಕ್ಕೆ ಉತ್ತರ ಹೇಳು."

ನಾನು ಯಜಮಾನನ ಕಡೆ ತಿರುಗಿದೆ. "ಅವತ್ತು ಮಷೀನ್ ದನಿ, ನಿಂಗೆ ಸಂಬಂಧ ಇಲ್ಲ ಅಂದ್ರಲ್ಲ, ಇವತ್ತು ಅದು ಹೆಂಗೆ ನಂದಾಯ್ತು?"

"ಹಾಡಿನ ಮಾತು ಬೇರೆ, ಕಾಲಿನ ಮಾತು ಬೇರೆ," ಎಂದ ಆ ಬೋಳಿಮಗ. ನಾಲಿಗೆ ತಡವರಿಸಲೂ ಇಲ್ಲ.

ಕೂಗುವವಳ ಬೇಜವಾಬ್ದಾರಿಯಿಂದ ಆದ ಅಪಘಾತ ಎಂದು ಸಾಹೇಬ ತೀರ್ಮಾನ ಹೇಳಿ ಎದ್ದ. ಹೋಗುವಾಗ ಫ್ಯಾನಿನ ವೈರು ಎಡವಿದ. ಯಜಮಾನ ಓಡಿ ಬಂದು ಅವನ ಕಾಲು ಹಿಡಿದು ನೋಡಿದ, "ಪೆಟ್ಟಾಯ್ತಾ ಸಾರ್, ಪೆಟ್ಟಾಯ್ತಾ?"

ಆಸ್ಪತ್ರೆಯವರು ತಮ್ಮನ ಪಾದ ತೆಗೆದು ಅವನನ್ನು ಮನೆಗೆ ಕಳಿಸಿದರು. ಇರುವುದೊಂದೇ ಕೋಣೆ. ಅವನ ಚಾಪೆ ಗೋಡೆಗೆ, ನನ್ನದು ಒಲೆಯ ಪಕ್ಕ. ನೀರು ಬೇಕೇನೋ ಎಂದು ನಾನು ಕೇಳಿದರೆ ಸಾಕು, ಅವನ ಮೈ ಅದುರುತ್ತಿತ್ತು, ಇಲ್ಲದ ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅವನ ಹೆಂಡತಿ ನನ್ನನ್ನು ಬಾಗಿಲ ಹೊರಗೆ ಕರೆದಳು.

"ಕೂಗಿದ್ದು ನೀವಲ್ಲ ಅಂತ ನಂಗೂ ಗೊತ್ತು ಅಕ್ಕ. ಅವ್ರಿಗೂ ಗೊತ್ತು. ಆದ್ರೆ ನಿಮ್ಮ ದನಿ ಕೇಳಿದ್ರೆ ಬೆಚ್ಚಿ ಬೀಳ್ತಾರೆ. ಸ್ವಲ್ಪ ದಿನ... ಮನೇಲಿ ಮಾತಾಡ್ಬೇಡಿ."

ತಲೆ ಆಡಿಸಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಅಂಗಳದಲ್ಲೂ ಕೂಗುವುದನ್ನು ಬಿಟ್ಟೆ. ಕೈಗೆ ಹಾರೆ ತೆಗೆದುಕೊಂಡೆ. ನೆಲದ ಕಲ್ಲಿನ ಮೇಲೆ ಒಂದೇಟು ಎತ್ತುವುದಕ್ಕೆ, ಎರಡೇಟು ಇಳಿಸುವುದಕ್ಕೆ. ನಮ್ಮವರು ಕಿವಿಗೆ ಬಟ್ಟೆ ಸುತ್ತಿಕೊಂಡು, ಪೆಟ್ಟಿಗೆ ನೆಲ ಅದುರುವುದನ್ನು ಅಂಗಾಲಿನಿಂದಲೇ ಕೇಳುತ್ತ ಹೊಸದಾಗಿ ಪಳಗಿದರು. ಮೇಲೆ ಹಾಡು ನಿಲ್ಲಲಿಲ್ಲ.

ಆಮೇಲೆ ಯಜಮಾನನೇ ನನ್ನನ್ನು ಕರೆಸಿದ. ಹಾಡಿಗೆ ವಿಡಿಯೋ ಮಾಡುತ್ತಾರಂತೆ. ಹಾಡಿನ ಹೆಸರು ಕೆತ್ತಿದ ಕರಿ ಚಪ್ಪಡಿಯನ್ನು ನಮ್ಮವರು ಗಲ್ಲಿಯಿಂದ ಗೇಟು ದಾಟಿಸಿ ವೇದಿಕೆಗೆ ಹೊತ್ತು ತರಬೇಕು, ಮುಂದೆ ನಾನು ನಡೆಯಬೇಕು.

"ಬಾಯಿ ಆಡ್ಸು ಸಾಕು," ಎಂದ ಕಿವಿಮುಚ್ಚ. "ದನಿ ನಮ್ಮತ್ರ ಇದೆ."

ಆಯಿತು ಎಂದು ತಲೆ ಆಡಿಸಿದೆ. ನಮ್ಮವರ ಕಡೆ ನೋಡಿದೆ. ತಾತ ನೆಲಕ್ಕೆ ಉಗಿದು ಹೆಗಲ ಬಟ್ಟೆ ಸರಿಮಾಡಿಕೊಂಡ.

ಆ ದಿನ ಅಂಗಳದ ತುಂಬ ಕಾರುಗಳು, ದೊಡ್ಡಮನುಷ್ಯರು, ಕಪ್ಪು ಕನ್ನಡಕಗಳು. ಒಳಗೆ ಬರಲಿಕ್ಕೂ ಹೊರಗೆ ಹೋಗಲಿಕ್ಕೂ ಇರುವುದು ಒಂದೇ ಗೇಟು. ಹಾರೆಯಿಂದ ಒಂದೇಟು ಹೊಡೆದೆ. ಚಪ್ಪಡಿ ಎದ್ದಿತು. ಗಲ್ಲಿ ದಾಟಿ ಬಂದೆವು. ಕ್ಯಾಮೆರಾ ಹಿಂದೆ ಹಿಂದೆ ಸರಿಯುತ್ತ ನನ್ನ ತುಟಿಯನ್ನೇ ನೋಡುತ್ತಿತ್ತು.

ಗೇಟಿನ ಸರಿ ಮಧ್ಯಕ್ಕೆ ಬಂದಾಗ ಎಲ್ಲರ ಕಾಲುಗಳನ್ನೂ ಒಂದು ಸಲ ನೋಡಿದೆ. ಹಾರೆಯನ್ನು ಎರಡು ಸಲ ಕುಕ್ಕಿದೆ.

ಇಳಿಸಿದರು. ಹಗ್ಗ ಬಿಚ್ಚಿದರು. ಗಳ ಎಳೆದು ಗಲ್ಲಿಗೆ ಎಸೆದರು. ಆಮೇಲೆ ಚಪ್ಪಡಿಯ ಮೇಲೆ ಕೂತರು.

"ಏನ್ರೋ ಇದು? ಎತ್ತ್ರೋ ಸೂಳೇಮಕ್ಳಾ! ಏಯ್, ಕೂಗೇ, ಎತ್ತಕ್ಕೆ ಹೇಳೇ!" ಯಜಮಾನ ಓಡಿಬಂದ. ಅತಿಥಿಗಳ ಮುಂದೆ ಅವನ ಮುಖ ಸುಟ್ಟ ಇಟ್ಟಿಗೆಯಾಗಿತ್ತು.

ಬಹಳ ದಿನದ ಮೇಲೆ ನಾನು ಬಾಯಿ ತೆರೆದೆ.

"ದನಿ ನಿಮ್ಮತ್ರ ಇದೆಯಲ್ಲ. ಕೂಗ್ಸಿ."

ಅವನು ಮಗನ ಕಡೆ ಕೈ ಬೀಸಿದ. ಮೇಲಿನ ಸ್ಪೀಕರು ಗುಡುಗಿತು. "ಏ... ಹೂ!"

ಇಷ್ಟು ಹತ್ತಿರದಿಂದ ಬಂದ ಸದ್ದನ್ನು ಕಿವಿಯ ಬಟ್ಟೆ ಎಲ್ಲಿ ತಡೆದೀತು? ಎಲ್ಲರ ಹೆಗಲೂ ತಾವಾಗಿ ಮೇಲೆದ್ದವು. ಒಬ್ಬ ಅರ್ಧ ಎದ್ದೇಬಿಟ್ಟ. ಪಕ್ಕದವನು ಅವನ ಸೊಂಟದ ಬಟ್ಟೆ ಹಿಡಿದು ಕೂರಿಸಿದ. ತಾತ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಭಾರ ಬಿಟ್ಟು ಕೂತ. ಅವನ ಕತ್ತಿನ ನರ ಉಬ್ಬಿತ್ತು.

"ಏ... ಹೂ! ಏ... ಹೂ!"

ಗಲ್ಲಿಯ ಗೋಡೆಗೆ ಒರಗಿ ಊರುಗೋಲಿನ ಮೇಲೆ ನನ್ನ ತಮ್ಮ ನಿಂತಿದ್ದ. ಯಾವಾಗ ಬಂದನೋ. ಪ್ರತಿ ಕೂಗಿಗೂ ಉಳಿದ ಕಾಲಿನ ಮಂಡಿ ಅದುರುತ್ತಿತ್ತು. ಅವನು ಹಲ್ಲು ಕಚ್ಚಿ ಅದನ್ನು ನೇರ ಮಾಡುತ್ತಿದ್ದ. ನನ್ನನ್ನು ನೋಡಿದ. ಕಣ್ಣು ಕದಲಿಸಲಿಲ್ಲ.

ಹಿಂದಿನಿಂದ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಯಜಮಾನ ಪೊಲೀಸರಿಗೆ ಫೋನು ಮಾಡುತ್ತಿದ್ದ. ನಾನು ಹಾರೆಯನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡು ತಾತನ ಪಕ್ಕ ಜಾಗ ಮಾಡಿಕೊಂಡು ಕೂತೆ. ಮೇಲೆ ನಾನು ಎತ್ತು ಎತ್ತು ಎಂದು ಕೂಗುತ್ತಲೇ ಇದ್ದೆ, ನಾಯಿ ಎಂದು ಬೈಯುತ್ತಲೇ ಇದ್ದೆ.

ಯಾರೂ ಏಳಲಿಲ್ಲ.