ಹೂವಿನ ಓಣಿಗೆ ಹೋದ ನೀಲಿ ಪೆಟ್ಟಿಗೆ

ನಾನು ಒಂದು ನೀಲಿ ಪೆಟ್ಟಿಗೆ. ಕಾರ್ಖಾನೆಯ ಬಿಸಿ ಅಚ್ಚಿನಲ್ಲಿ ಹುಟ್ಟಿದೆ. ಬದುಕಿಡೀ ಹೊಟ್ಟೆಯಲ್ಲಿ ಮಂಜುಗಡ್ಡೆ ಹೊತ್ತೆ. ಮೊದಲು ಮಕ್ಕಳಿಗೆ ಪೋಲಿಯೊ ಹನಿ ಒಯ್ಯುತ್ತಿದ್ದೆ. ಕೊರೊನಾ ಬಂದ ವರ್ಷ, ಮೂಗಿನಿಂದ ತೆಗೆದ ಮಾದರಿಗಳನ್ನು ಇಡಲು ನನ್ನನ್ನು ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಕೂರಿಸಿದರು.

ಜ್ವರವಿದ್ದು ತಾವಾಗಿ ಬಂದವರಿಗಷ್ಟೇ ಅಲ್ಲಿ ಪರೀಕ್ಷೆ. ಹಲವರು ಏದುಸಿರು ಬಿಡುತ್ತಲೇ ಬಂದರು. ಕೆಲವರು ಮನೆಗೆ ಮರಳಲಿಲ್ಲ. ಪಕ್ಕದ ತಾಲ್ಲೂಕಿನವರು ಓಣಿ ಓಣಿಗೆ ಹೋಗಿ ಪರೀಕ್ಷಿಸುತ್ತಿದ್ದರು. ರೋಗ ಬೇಗ ಸಿಗುತ್ತಿದ್ದುದರಿಂದ ಅಲ್ಲಿ ಆಕ್ಸಿಜನ್ ಹಾಸಿಗೆಗಳು ಖಾಲಿ ಇರುತ್ತಿದ್ದವು. ಅದನ್ನು ಕಂಡ ನಮ್ಮ ಡಾಕ್ಟರು, "ನಾಳೆಯಿಂದ ನಾವೇ ಹೋಗೋಣ" ಎಂದರು. ನರ್ಸ್ ದಾಕ್ಷಾಯಣಿ ನನ್ನನ್ನು ಹೆಗಲಿಗೇರಿಸಿದಳು.

ಹೂ ಕಟ್ಟುವವರ ಓಣಿಯಲ್ಲಿ ಬಸಲಿಂಗವ್ವ ಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತಿದ್ದಳು. ಬಸುರಿ ಮಗಳು ಕಸ್ತೂರಿಗೆ ನಾಡಿದ್ದು ಕುಬಸ, ಅಂದರೆ ಸೀಮಂತ. ಮೊಗ್ಗಿನ ಜಡೆ ಹೊಲಿಯುವವಳು ತಾಯಿಯೇ.

"ಜ್ವರಾ ಇಲ್ಲ, ಕೆಮ್ಮೂ ಇಲ್ಲ. ನಿಮ್ಮ ಕಡ್ಡಿ ಬ್ಯಾರೇದವರ ಮೂಗಿಗೆ ಹಾಕ್ರಿ, ಸಿಸ್ಟರ," ಎಂದಳು ಬಸಲಿಂಗವ್ವ.

ನೆರೆಯ ಶಿವಗಂಗಮ್ಮ ನಕ್ಕಳು. "ಆಕಿ ಮೂಗಿನ ಸೊಕ್ಕು ನಿಮಗ ಗೊತ್ತಿಲ್ರಿ. ಯಾವ ಮೊಗ್ಗು ಹಳೇದು, ಯಾವುದು ಹೊಸಾದು, ಕತ್ತಲಾಗೂ ಮೂಸೇ ಹೇಳ್ತಾಳ." ಹಾಗೆನ್ನುತ್ತಾ ಮಾಸ್ಕ್ ಸರಿಸಿ ಮಾಲೆ ಮೂಸಿದವಳು ಮುಖ ಕಿವುಚಿದಳು. "ಅಯ್ಯ, ಹಳೇ ಮೊಗ್ಗು ಕಟ್ಟೀಯಲ್ಲ! ಹುಳಿ ನಾತ ಹೊಡೀತೈತಿ."

ಬಸಲಿಂಗವ್ವನ ಬೆರಳುಗಳು ನಿಂತವು. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ನೋಡಿದಳು.

"ವಾಸನೀನ ಬರವಲ್ದರಿ," ಎಂದಳು ಮೆಲ್ಲಗೆ. "ಹೇಳಿದ್ರ ಕುಬಸ ನಿಲ್ತೈತಿ ಅಂತ ಸುಮ್ನಿದ್ದೆ. ಜಡಿ ಹೊಲಿಯೂ ಮುಂದ ನನ್ನ ಉಸುರು ಆಕಿ ಕುತ್ತಿಗಿ ಮ್ಯಾಲೇ ಬೀಳ್ತಿತ್ತಲ್ಲ... ತಗೀರಿ, ಸಿಸ್ಟರ."

ತಾಯಿ ಮಗಳಿಬ್ಬರ ಮಾದರಿಯನ್ನೂ ಹೊತ್ತು ಪ್ರಯೋಗಾಲಯಕ್ಕೆ ಹೋದೆ. ತಾಯಿಗೆ ಸೋಂಕಿತ್ತು, ಮಗಳಿಗೆ ಇರಲಿಲ್ಲ. ಕುಬಸ ಮುಂದೆ ಹೋಯಿತು. ಬಸಲಿಂಗವ್ವನ ಉಸಿರು ತುಸು ಕುಸಿಯುತ್ತಲೇ, ದಿನವೂ ಬಂದು ನೋಡುತ್ತಿದ್ದ ದಾಕ್ಷಾಯಣಿ ಕಂಡುಹಿಡಿದು ಆಸ್ಪತ್ರೆಗೆ ಸೇರಿಸಿದಳು. ಆ ಹೊತ್ತಿಗೆ ನಮ್ಮಲ್ಲೂ ಹಾಸಿಗೆ ಖಾಲಿ ಇತ್ತು.

ಒಂಬತ್ತನೇ ತಿಂಗಳಲ್ಲಿ ಕುಬಸವಾಯಿತು. ಬಸಲಿಂಗವ್ವನಿಗೆ ಇನ್ನೂ ವಾಸನೆ ಬಂದಿರಲಿಲ್ಲ. ಶಿವಗಂಗಮ್ಮ ಒಂದೊಂದೇ ಮೊಗ್ಗು ಮೂಸಿ ಕೊಟ್ಟಳು, ಇವಳು ಹೊಲಿದಳು.

ಕಸ್ತೂರಿಯ ಮಗುವಿಗೆ ಪೋಲಿಯೊ ಹನಿ ಒಯ್ದವನೂ ನಾನೇ. ಆಮೇಲೆ ನನ್ನ ಮುಚ್ಚಳ ಬಿರಿಯಿತು. ಗುಜರಿಗೆ ಹೊರಟವನನ್ನು ಬಸಲಿಂಗವ್ವ ಕೇಳಿ ಪಡೆದಳು.

ರೋಗಿಗಳು ತಾವಾಗಿ ಬರಲೆಂದು ಮೇಜಿನ ಮೇಲೆ ಕಾದದ್ದೂ ನಾನೇ, ಬಾಗಿಲಿಗೆ ಹೋಗಿ ಕೇಳಿದ್ದೂ ನಾನೇ. ಎರಡರ ಅಂತರ ಈ ಮನೆಯಲ್ಲಿ ಬಸಲಿಂಗವ್ವನಾಗಿ ದಿನವೂ ಓಡಾಡುತ್ತದೆ. ಈಗ ನನ್ನೊಳಗೆ ಮೊಗ್ಗುಗಳಿವೆ. ಬೆಳಗಿನ ಮಸುಕಿನಲ್ಲಿ ಬಸಲಿಂಗವ್ವ ಮುಚ್ಚಳ ತೆಗೆದು, ದೀಪ ಹಚ್ಚದೆ, ಬಾಗಿ ಉಸಿರೆಳೆದುಕೊಳ್ಳುತ್ತಾಳೆ. ಆಮೇಲೆ ಹಳೆಯ ಮೊಗ್ಗನ್ನು ಆರಿಸಿ ಹೊರಗೆ ಎಸೆಯುತ್ತಾಳೆ.