ಸಡಿಲ ಗೆರೆ

“ಇಲ್ಲೊಂದ್ಸಲ ಎದ್ದಿದ್ದೀಯ. ಇಲ್ಲೊಂದ್ಸಲ. ಅಂಡಿಗೇನು ಮುಳ್ಳು ಚುಚ್ಚುತ್ತಾ ನಿಂಗೆ?”

ಧಣಿ ನನ್ನ ಅತ್ತಿಗೆ ನೇಯುತ್ತಿದ್ದ ಪಟ್ಟಿಯ ಮೇಲೆ ಹೆಬ್ಬೆರಳು ಎಳೆಯುತ್ತ ಅವಳ ಸೊಂಟದವರೆಗೂ ಬಂದ. ನೇಯಲು ಬಾರದ ಆ ಹೆಬ್ಬೆರಳು ನಾಯಿಯ ಮೂಗಿನಷ್ಟು ಚುರುಕು.

ನಮಗೆ ಮಗ್ಗವಿಲ್ಲ, ನಾವೇ ಮಗ್ಗ. ನೂಲಿನ ಒಂದು ತುದಿ ಗೋಡೆಯ ಗೂಟಕ್ಕೆ, ಇನ್ನೊಂದು ನಮ್ಮ ಸೊಂಟಕ್ಕೆ. ನಡುವೆ ನಾಲ್ಕು ಮೂಲೆಗೂ ತೂತಿರುವ ರಟ್ಟಿನ ಎಲೆಗಳ ಕಟ್ಟು, ತೂತಿಗೊಂದು ಎಳೆ. ಎಲೆಗಳನ್ನು ತಿರುಗಿಸಿ, ಅಡ್ಡನೂಲು ದಾಟಿಸಿ, ಮರದ ಹಲಗೆಯಿಂದ ಬಡಿದರೆ ಪಟ್ಟಿಯಲ್ಲಿ ಹೂವು ಮೂಡುತ್ತದೆ. ಇಸ್ಪೀಟಿನವರ ಹಾಗೆ ನಾವೂ ದಿನವಿಡೀ ಎಲೆ ತಿರುವುತ್ತೇವೆ, ಗೆಲ್ಲುವವನು ಮಾತ್ರ ಯಾವಾಗಲೂ ಧಣಿ.

ಸೊಂಟದ ಗಂಟು ಬಿಚ್ಚಿ ಎದ್ದರೆ, ಎಷ್ಟು ಜೋಪಾನವಾಗಿ ಮತ್ತೆ ಕಟ್ಟಿಕೊಂಡರೂ ಮೊದಲಿನ ಬಿಗಿ ಬರುವುದಿಲ್ಲ. ಪಟ್ಟಿಯಲ್ಲೊಂದು ಸಡಿಲ ಗೆರೆ ಬೀಳುತ್ತದೆ. ಉಚ್ಚೆಗೆ ಹೋದದ್ದು, ಬಿಕ್ಕಳಿಸಿ ನೀರು ಕುಡಿದದ್ದು, ಎಲ್ಲವೂ ಅವನ ಹೆಬ್ಬೆರಳಿಗೆ ಸಿಗುತ್ತದೆ.

ಅತ್ತಿಗೆಗೆ ದಿನ ತುಂಬಿತ್ತು. ಹಿಂದಿನ ಕೂಸು ಇದೇ ಗೂಟದೆದುರು ಹೊಟ್ಟೆಯಲ್ಲೇ ಹೋಗಿತ್ತು. ಅದಕ್ಕೇ ಈ ಸಲ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ಆದರೆ ಸಂಜೆ ದೊಡ್ಡ ಗಿರಾಕಿ ಬರುವವನಿದ್ದ, ಪಟ್ಟಿಯಲ್ಲಿ ಇನ್ನೊಂದು ಗೆರೆ ಬೀಳಕೂಡದು. ಧಣಿ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂತ.

ಸ್ವಲ್ಪ ಹೊತ್ತಿಗೆ ಅತ್ತಿಗೆಯ ಕೈ ನಿಂತಿತು.

“ಧಣಿ, ಒಂದ್ಸಲ ಏಳ್ತೀನಿ. ಸೊಂಟ ಹಿಡೀತಿದೆ.”

“ಮುಗಿಸಿ ಏಳು. ಗಬ್ಬದ ಹಸುನೂ ಗೂಟದಲ್ಲೇ ನಿಂತಿರುತ್ತೆ.”

ಉಳಿದವರ ಕೈ ನಿಲ್ಲಲಿಲ್ಲ. ನಾನೂ ತಲೆ ತಗ್ಗಿಸಿ ಎಲೆ ತಿರುವಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತಿಗೆಯ ಕಡೆಯಿಂದ ಹರಿದುಬಂದು ನನ್ನ ಚಾಪೆ ಒದ್ದೆಯಾಯಿತು, ಬೆಚ್ಚಗೆ. ಧಣಿಯೂ ನೋಡಿದ, ಮೂಗು ಮುಚ್ಚಿಕೊಂಡ.

“ಥೂ, ಉಚ್ಚೆ ಹೊಯ್ದಳಲ್ಲ ಮುಂಡೆ. ಒರ್ಸೇ ಅದನ್ನ. ಪಟ್ಟಿಗೆ ತಾಗಿದ್ರೆ ಚರ್ಮ ಸುಲೀತೀನಿ.”

ಅದು ಉಚ್ಚೆಯಲ್ಲ. ನೀರು ಒಡೆದಿತ್ತು.

ನನ್ನ ಗಂಟು ಬಿಚ್ಚಿ ಅತ್ತಿಗೆಯ ಗಂಟಿಗೆ ಕೈ ಹಾಕಿದರೆ, ಒದ್ದೆಯಾಗಿ ಬಿಗಿದುಕೊಂಡದ್ದು ಸಡಿಲಲೊಲ್ಲದು. ಎದ್ದು ಗೂಟದ ಕಡೆಗೆ ಹೋದೆ. ಆ ತುದಿಯನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಎಲೆ ತಿರುಗಿದಷ್ಟೂ ನೂಲಿನ ಹುರಿ ಏರಿ ಅಲ್ಲಿ ಸೇರಿರುತ್ತದೆ. ಅದು ಬಿಟ್ಟುಕೊಂಡರೆ ಎಲೆಗಳೆಲ್ಲ ಕಲಸಿಹೋಗಿ ಪಟ್ಟಿ ಅರ್ಧಕ್ಕೇ ಸತ್ತಂತೆ.

“ಏಯ್, ಅದನ್ನ ಮುಟ್ಟಬೇಡ್ವೇ.”

ಬಿಚ್ಚಿಬಿಟ್ಟೆ. ತಿಂಗಳುಗಟ್ಟಲೆ ಕೂಡಿದ್ದ ಹುರಿ ಒಮ್ಮೆಲೇ ಬಿಚ್ಚಿಕೊಂಡು ಎಲೆಗಳು ಗಿರಗಿರನೆ ಸುತ್ತಿದವು. ಅತ್ತಿಗೆಯನ್ನು ಎಬ್ಬಿಸಿ ಹೆಗಲು ಕೊಟ್ಟೆ. ಧಣಿ ಗೂಟದತ್ತ ಧಾವಿಸಿದ್ದ, ಅವನ ಖಾಲಿ ಸ್ಟೂಲನ್ನು ಕಾಲಲ್ಲಿ ತಳ್ಳಿ ಹೊಸಿಲು ದಾಟಿದೆವು. ಅವಳ ಸೊಂಟದಿಂದ ನೂಲು, ಎಲೆ ಎಲ್ಲಾ ಬಾಲದಂತೆ ನೆಲಕ್ಕೆ ಎಳೆಯುತ್ತಿತ್ತು.

ಬೀದಿಗಿಳಿಯುವಾಗ ಅತ್ತಿಗೆ ಜಗ್ಗಿದಂತಾಗಿ ನಿಂತಳು. ಹಿಂದೆ ಧಣಿ ನೂಲಿನ ಮೇಲೆ ಕಾಲಿಟ್ಟಿದ್ದ. ನೂಲು ಮತ್ತೆ ಬಿಗಿಯಾಗಿತ್ತು, ಗೂಟದಲ್ಲಿದ್ದಷ್ಟೇ ಬಿಗಿ.

“ಪಟ್ಟಿ ಬಿಚ್ಚಿಟ್ಟು ಎಲ್ಲಾದ್ರೂ ಹಾಳಾಗೋಗು.”

“ಕಾಲು ತೆಗೀರಿ ಧಣಿ,” ಅತ್ತಿಗೆ ತಿರುಗದೆ ಹೇಳಿದಳು.

ಅವನು ತೆಗೆಯಲಿಲ್ಲ. ಏಳುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮರದ ಹಲಗೆ ತೆಗೆದೆ. ದಿನಾ ನೂಲಿಗೆ ಬಡಿಯುವಷ್ಟೇ ಜೋರಾಗಿ ಆ ಕಾಲಿಗೆ ಬಡಿದೆ.

ನೂಲು ಸಡಿಲಾಯಿತು. ಅತ್ತಿಗೆ ಮುಂದಿನ ಹೆಜ್ಜೆ ಇಟ್ಟಳು.